ಎಲಿಸೆಯೋ ಬಿಟ್ಟುಬಂದ ತೆಗುಗಳು

ಮಯಾಮಿಯಿಂದ ದಕ್ಷಿಣಕ್ಕೆ ಹೋದರೆ ಬೆಣ್ಣೆಹಣ್ಣಿನ ತೋಟಗಳು, ಸಸಿ ಮಾರುವ ನರ್ಸರಿಗಳು ಮುಗಿದು ಜೌಗು ನೆಲ ಶುರುವಾಗುತ್ತದೆ. ಆ ಅಂಚಿನಲ್ಲಿ ಎ.ಸಿ. ರಿಪೇರಿ ಮಾಡುವ ಎಲಿಸೆಯೋ ಪೆದ್ರೋಸೋನನ್ನು ಅರಿಯದ ಮನೆ ಕಡಿಮೆ. ಆಗಸ್ಟಿನ ಸೆಕೆಯಲ್ಲಿ ಎ.ಸಿ. ಕೈಕೊಟ್ಟರೆ ಅಲ್ಲಿಯ ಕ್ಯೂಬನ್ ಹೆಂಗಸರು ಸಂತ ಲಾಜರನಿಗೆ ಹರಕೆ ಹೊರುವ ಮೊದಲು ಎಲಿಸೆಯೋಗೆ ಫೋನ್ ಮಾಡುತ್ತಿದ್ದರು. ಅರವತ್ತಮೂರು ವಯಸ್ಸು, ನೆರೆತ ಮೀಸೆ, ಮೆಲುದನಿ. ಒಂಬತ್ತು ವರ್ಷದವನಿದ್ದಾಗ ತಾಯಿಯ ಕೈಹಿಡಿದು ಹವಾನಾದಿಂದ ಬಂದವನು ಇಷ್ಟು ವರ್ಷಗಳಲ್ಲಿ ಯಾರೊಡನೆಯಾದರೂ ಜಗಳವಾಡಿದ್ದನ್ನು ಕಂಡವರಿಲ್ಲ. ಶಾಲೆಯ ಮಕ್ಕಳಿಗೆ ಮಾತ್ರ ಅವನು ಎ.ಸಿ.ಯವನಲ್ಲ, 'ಹಲ್ಲಿ ತಾತ'. ವರ್ಷಕ್ಕೆ ನಾಲ್ಕಾರು ಸಲ ದುಕೇಸಾಳನ್ನು ಹೆಗಲ ಮೇಲೆ ಹೊತ್ತು ತರಗತಿಗೆ ಬರುತ್ತಿದ್ದ.

ದುಕೇಸಾ ಅವನು ಸಾಕಿದ ತೆಗು. ತೆಗು ದಕ್ಷಿಣ ಅಮೆರಿಕದ ಪ್ರಾಣಿ, ನೋಡಲು ಉಡದ ಹಾಗೆ. ನಾಲ್ಕಡಿ ಉದ್ದ, ಮೈಮೇಲೆ ಕಪ್ಪುಬಿಳಿ ಪಟ್ಟೆ, ಎರಡೂ ದವಡೆಗೆ ಎಲೆಅಡಿಕೆ ತುಂಬಿಕೊಂಡಂಥ ಮುಖ. ಫ್ರಿಜ್ಜಿನ ಬಾಗಿಲು ತೆರೆದ ಸದ್ದಾದರೆ ಸಾಕು, ಸೋಫಾದ ಕೆಳಗಿಂದ ಪರಪರ ಓಡಿಬಂದು ಬೇಯಿಸಿದ ಮೊಟ್ಟೆಗಾಗಿ ಎಲಿಸೆಯೋನ ಹೆಂಡತಿ ನೆರೇಯಿದಾಳ ಪಾದವನ್ನು ನಾಲಗೆಯಿಂದ ಸವರುತ್ತಿತ್ತು. "ನಾಯಿ ಸಾಕಿದ್ರೆ ಬೊಗಳೋದು. ಇದಕ್ಕೆ ಆ ಕೆಟ್ಟ ಗುಣಾನೂ ಇಲ್ಲ," ಎಂದು ನೆರೇಯಿದಾ ಬಂದವರಿಗೆಲ್ಲ ಹೇಳುತ್ತಿದ್ದಳು.

ಆ ವರ್ಷ ಜನವರಿಯಲ್ಲಿ ರಾಜ್ಯದ ವನ್ಯಜೀವಿ ಇಲಾಖೆ ಹೊಸ ನಿಯಮವೊಂದರ ಕರಡು ಹೊರಡಿಸಿತು. ಹೊರದೇಶದ ಹದಿನಾರು ಬಗೆಯ ಪ್ರಾಣಿಗಳನ್ನು ಇನ್ನು ಮುಂದೆ ಯಾರೂ ಸಾಕಲು ಕೊಳ್ಳುವಂತಿಲ್ಲ, ಮರಿ ಮಾಡಿಸುವಂತಿಲ್ಲ, ಮಾರುವಂತಿಲ್ಲ. ಈಗಾಗಲೇ ಮನೆಯಲ್ಲಿ ಇಟ್ಟುಕೊಂಡವರು ಪರ್ಮಿಟ್ ಮಾಡಿಸಿ, ಪ್ರಾಣಿಯ ಚರ್ಮದಡಿ ಒಂದು ಚಿಪ್ ಹಾಕಿಸಿ, ಅದು ಸಾಯುವ ತನಕ ಇಟ್ಟುಕೊಳ್ಳಬಹುದು. ಪಟ್ಟಿಯಲ್ಲಿ ತೆಗುವೂ ಇತ್ತು. ಯಾರೋ ಬಿಟ್ಟವೋ ತಪ್ಪಿಸಿಕೊಂಡವೋ, ತೆಗುಗಳು ಕಾಡು ಸೇರಿ ಹೆಚ್ಚಿಹೋಗಿದ್ದವು. ನೆಲದಲ್ಲಿ ಮೊಟ್ಟೆಯಿಡುವ ಆಮೆ, ಮೊಸಳೆ, ಹಕ್ಕಿ ಯಾವುದಕ್ಕೂ ಅವು ಉಳಿಗಾಲ ಕೊಡುತ್ತಿರಲಿಲ್ಲ.

ಎಲಿಸೆಯೋ ಸದಸ್ಯನಾಗಿದ್ದ ಸರೀಸೃಪ ಸಾಕುವವರ ಸಂಘದಲ್ಲಿ ಬೆಂಕಿ ಬಿದ್ದ ಹಾಗಾಯಿತು. ಸಂಘದ ಅಧ್ಯಕ್ಷ ಡ್ವೇನ್ ಪಿಕೆಟ್ ಇಪ್ಪತ್ತೆರಡು ವರ್ಷಗಳಿಂದ ತೆಗು ಮರಿ ಮಾಡಿಸಿ ಮಾರುವವನು. ಅವನ ಹಿತ್ತಲಲ್ಲಿ ನಲವತ್ತು ಗೂಡುಗಳು. ಪ್ರತಿಯೊಂದಕ್ಕೂ ಎರಡು ಬೀಗ, ನೆಲದಡಿ ಎರಡಡಿ ಕಾಂಕ್ರೀಟು. ಚಂಡಮಾರುತದ ಸುದ್ದಿ ಬಂದರೆ ಹೆಂಡತಿಯ ಒಡವೆಗಿಂತ ಮೊದಲು ಪ್ರಾಣಿಗಳನ್ನು ಲಾರಿಗೇರಿಸುವ ಮನುಷ್ಯ. ನಿಯಮದ ಬಗ್ಗೆ ಇಲಾಖೆ ಕರೆದ ಅಹವಾಲು ಸಭೆಯಲ್ಲಿ ಸಂಘದ ಪರವಾಗಿ ಯಾರು ಮಾತಾಡಬೇಕೆಂಬ ಪ್ರಶ್ನೆ ಬಂದಾಗ ಡ್ವೇನ್ ಬೆರಳು ತೋರಿಸಿದ್ದು ಎಲಿಸೆಯೋನ ಕಡೆಗೆ.

"ನಾನು ಎದ್ದು ನಿಂತ್ರೆ ವ್ಯಾಪಾರಿ ಅಂತಾರೆ. ನೀನು ಎದ್ದು ನಿಂತ್ರೆ ಪಾಪ, ಅಜ್ಜ ಅಂತಾರೆ. ನಿನ್ನ ಮೀಸೆ ನೋಡಿದ್ರೇನೇ ಅರ್ಧ ವೋಟು ನಮ್ದು."

ಎಲ್ಲರೂ ನಕ್ಕರು. ಎಲಿಸೆಯೋನೂ ನಕ್ಕ. ಆದರೆ ಡ್ವೇನ್ ಬರೆದುಕೊಟ್ಟ ಭಾಷಣದ ಹಾಳೆಯನ್ನು ವ್ಯಾನಿನಲ್ಲಿ ಕೂತು ಓದುವಾಗ ಮೂರನೆಯ ಸಾಲಿನಲ್ಲಿ ಅವನ ಕಣ್ಣು ನಿಂತುಬಿಟ್ಟಿತು. 'ನಮ್ಮ ಸಂಘದ ಒಬ್ಬ ಸದಸ್ಯನೂ ಒಂದೇ ಒಂದು ಮರಿಯನ್ನೂ ಹೊರಗೆ ಬಿಟ್ಟವನಲ್ಲ.'

ಹದಿನೆಂಟು ವರ್ಷಗಳ ಹಿಂದಿನ ಮಾತು. ಆಗ ಅವನ ಬಳಿ ಒಂದು ಜೋಡಿ ತೆಗು ಇದ್ದವು. ಗಂಡು ಸತ್ತುಹೋಯಿತು, ಹೆಣ್ಣು ಮೊಟ್ಟೆಯಿಟ್ಟು ಮರಿ ಮಾಡಿತ್ತು. ಕೆಲವು ಮರಿಗಳು ಗೆಳೆಯರ ಪಾಲಾಗಿ ಹನ್ನೊಂದು ಉಳಿದಿದ್ದವು. ಅದೇ ಹೊತ್ತಿಗೆ, ಮದುವೆಯಾಗಿ ಹದಿನಾರು ವರ್ಷಗಳಾದ ಮೇಲೆ, ಇನ್ನು ಆಸೆಯೇ ಇಲ್ಲವೆಂದುಕೊಂಡಿದ್ದ ನೆರೇಯಿದಾ ನಲವತ್ತೊಂದರ ವಯಸ್ಸಿನಲ್ಲಿ ಬಸಿರಾದಳು. ಹಸುಗೂಸು ಇರುವ ಮನೆಯಲ್ಲಿ ಈ ಪ್ರಾಣಿಗಳು ಬೇಡ, ಅವುಗಳ ಮೈಮೇಲಿನ ಸೋಂಕು ಮಗುವಿಗೆ ಅಪಾಯ ಎಂದು ಡಾಕ್ಟರು ಹೇಳಿದರು. ನೆರೇಯಿದಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ನಾನು ಕೂಗಾಡಲ್ಲ, ಮುದುಕ. ನೀನೇ ಯೋಚನೆ ಮಾಡು," ಎಂದಷ್ಟೇ ಅಂದಳು. ಅವಳು ಅವನನ್ನು ಮುದುಕ ಎಂದು ಕರೆಯುತ್ತಿದ್ದದ್ದು ಮದುವೆಯಾದ ಮೊದಲ ವರ್ಷದಿಂದಲೇ.

ಅವನು ಅಂಗಡಿಗಳಿಗೆ ಅಲೆದ. ದೊಡ್ಡ ತೆಗು ಯಾರಿಗೂ ಬೇಡ. ಪ್ರಾಣಿಸಂಗ್ರಹಾಲಯದವರು ಫೋನಿನಲ್ಲೇ ನಕ್ಕರು. ಪಶುವೈದ್ಯರೊಬ್ಬರು, "ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡೋಣ," ಎಂದರು. ಕೈಯಲ್ಲಿ ತಿಂದು ಬೆಳೆದವನ್ನು ಹಾಗೆ ಮಲಗಿಸಲು ಎಲಿಸೆಯೋನ ಕೈ ಏಳಲಿಲ್ಲ. ಒಂದು ಭಾನುವಾರ ಬೆಳಿಗ್ಗೆ, ಊರೆಲ್ಲ ಪೂಜೆಗೆ ಇಗರ್ಜಿಯಲ್ಲಿದ್ದಾಗ, ತಾಯಿಯನ್ನೂ ಮರಿಗಳನ್ನೂ ದಿಂಬಿನ ಚೀಲಗಳಲ್ಲಿ ಹಾಕಿ, ಬಟ್ಟೆ ಒಗೆಯುವ ಬುಟ್ಟಿಯಲ್ಲಿಟ್ಟುಕೊಂಡು ಕಾಲುವೆ ತುದಿಗೆ ಹೋದ. ಚೀಲದ ಬಾಯಿ ಬಿಚ್ಚಿದ. ಮರಿಗಳು ಹುಲ್ಲಿನಲ್ಲಿ ಕಣ್ಮರೆಯಾದವು. ತಾಯಿ ಮಾತ್ರ ಹೋಗಲೊಲ್ಲದೆ ಅವನ ಬೂಟಿನ ಪಕ್ಕದಲ್ಲೇ ಮಲಗಿತ್ತು. ಕೊನೆಗೆ ಅವನೇ ಕಾಲಿನಿಂದ ಮೆಲ್ಲಗೆ ತಳ್ಳಿದ.

ನೆರೇಯಿದಾಳಿಗೆ ಹೇಳಿದ್ದು ಬೇರೆ ಕತೆ. ಟ್ಯಾಂಪಾದಲ್ಲಿ ಎವಾರಿಸ್ತೋ ಅಂತ ಒಬ್ಬ ಒಳ್ಳೆಯ ಮನುಷ್ಯ ಇದ್ದಾನೆ, ದೊಡ್ಡ ಜಾಗ, ಎಲ್ಲವನ್ನೂ ಅವನೇ ತೆಗೆದುಕೊಂಡ ಎಂದ. ಅಷ್ಟಕ್ಕೇ ಮುಗಿಯುತ್ತದೆ ಅಂದುಕೊಂಡಿದ್ದ. ನೆರೇಯಿದಾ ಬಿಡುವವಳೇ? ಕ್ರಿಸ್‌ಮಸ್ ಬಂತೆಂದರೆ, "ಎವಾರಿಸ್ತೋಗೆ ಒಂದು ಕಾರ್ಡ್ ಹಾಕಿದ್ಯಾ?" "ತಾಯಿ ತೆಗು ಹೇಗಿದ್ಯಂತೆ?" ಅವನು ಪ್ರತಿ ವರ್ಷ ಸುದ್ದಿ ಹೆಣೆದ. ಎವಾರಿಸ್ತೋಗೆ ಬೇಲಿ ಕಟ್ಟಿಸಿದ, ಸೊಂಟನೋವು ತರಿಸಿದ, ಮಗಳ ಮದುವೆ ಮಾಡಿಸಿದ. ಆರನೆಯ ವರ್ಷ ಸಾಕಾಗಿಹೋಗಿ ಹೃದಯಾಘಾತದಿಂದ ಸಾಯಿಸಿದ. ನೆರೇಯಿದಾ ಅಂದು ಇಗರ್ಜಿಯಲ್ಲಿ ಆ ಪುಣ್ಯಾತ್ಮನ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚಿ ಬಂದಳು.

ಮಗಳು ಓದಾಲಿಸ್ ಶಾಲೆಗೆ ಹೋಗತೊಡಗಿದ ಎಷ್ಟೋ ವರ್ಷಗಳ ಮೇಲೆ ಅವನು ಮತ್ತೆ ಒಂದು ಮರಿ ತಂದ. ಒಂದೇ ಒಂದು, ಇನ್ನೊಂದು ಬೇಡ ಎಂದು ತನಗೆ ತಾನೇ ಆಣೆಯಿಟ್ಟುಕೊಂಡು ತಂದದ್ದು. ಅದೇ ದುಕೇಸಾ. ಅವಳಿಗೆ ಅವನು ಮಾಡುತ್ತಿದ್ದ ಉಪಚಾರ ನೋಡಿ ಜನ ಬೆರಗಾಗುತ್ತಿದ್ದರು. ಆ ಉಪಚಾರದ ಒಂದು ಪಾಲು ಯಾರಿಗೆ ಸಲ್ಲಬೇಕಾದದ್ದು ಎಂಬುದು ಅವನಿಗೆ ಮಾತ್ರ ಗೊತ್ತಿತ್ತು.

ಓದಾಲಿಸಳಿಗೆ ದೀಕ್ಷಾಸ್ನಾನದ ದಿನ ಜ್ಞಾನತಾಯಿಯಾಗಿ ನಿಂತವಳು ಸೊರೈದಾ ಮಚೀನ್. ಅಂದಿನಿಂದ ಅವರಿಬ್ಬರ ನಡುವೆ ಹೆಸರು ಹಿಡಿದು ಕರೆಯುವುದು ನಿಂತಿತು. ಅವಳು 'ಕೊಮಾದ್ರೆ', ಇವನು 'ಕೊಂಪಾದ್ರೆ'; ಮಗುವಿನ ತಂದೆಗೂ ಜ್ಞಾನತಾಯಿಗೂ ಇರುವ ಆ ನಂಟು ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚೇ. ಸೊರೈದಾ ಅವನಿಗಿಂತ ಮೂರು ವರ್ಷ ದೊಡ್ಡವಳು, ವಿಧವೆ. ಅದೇ ಕಾಲುವೆಯ ದಡದಲ್ಲಿ, ನಾಲ್ಕು ಮೈಲಿ ಕೆಳಗೆ, ಐದೆಕರೆ ಬೆಣ್ಣೆಹಣ್ಣಿನ ತೋಟ ಅವಳದು. ತೋಟದ ಮರಳುದಿಬ್ಬಕ್ಕೆ ಪ್ರತಿವರ್ಷ ಕಾಲುವೆಯ ಆಮೆಗಳು ಹತ್ತಿ ಬಂದು ಮೊಟ್ಟೆಯಿಡುತ್ತಿದ್ದವು. ಅವಳ ಗಂಡ ಫೆರ್ಮೀನ್ ಇದ್ದಾಗಲೇ ಗೂಡುಗಳ ಮೇಲೆ ತಂತಿಬಲೆಯ ಮುಚ್ಚಳ ಕವುಚುವ ರೂಢಿ ಮಾಡಿದ್ದ. ಆ ಮುಚ್ಚಳಗಳನ್ನು ಬೆಸೆದುಕೊಟ್ಟವನು ಎಲಿಸೆಯೋನೇ. ಮೊದಮೊದಲು ಕಾಡುಬೆಕ್ಕಿನಂಥ ರಕೂನುಗಳ ಕಾಟ ಮಾತ್ರ ಇತ್ತು. ಆಮೇಲೆ ತೆಗುಗಳು ಬಂದವು, ಮುಚ್ಚಳದ ಪಕ್ಕದಿಂದ ಸುರಂಗ ತೋಡಿ ಮೊಟ್ಟೆ ತಿಂದವು.

ಸೊರೈದಾಳೂ ಅಹವಾಲು ಸಭೆಗೆ ಹೆಸರು ಕೊಟ್ಟಿದ್ದಳು, ನಿಯಮದ ಪರವಾಗಿ. ಸಭೆ ನಡೆಯುವ ಊರು ನಾಲ್ಕು ಗಂಟೆಯ ದಾರಿ. ಅವಳಿಗೆ ಅಷ್ಟು ದೂರ ಕಾರು ಓಡಿಸಲು ಕಣ್ಣು ಸಾಲದು. ಹಿಂದಿನ ದಿನ ಅವಳೇ ಫೋನ್ ಮಾಡಿದಳು.

"ಕೊಂಪಾದ್ರೆ, ನಾಳೆ ನೀನು ಆ ಕಡೆ ಮಾತಾಡು, ನಾನು ಈ ಕಡೆ ಮಾತಾಡ್ತೀನಿ. ಆದ್ರೆ ವ್ಯಾನು ಒಂದೇ ಸಾಕಲ್ವಾ?"

"ಬೆಳಿಗ್ಗೆ ಆರಕ್ಕೆ ರೆಡಿ ಇರಿ, ಕೊಮಾದ್ರೆ," ಎಂದ ಅವನು. ಅವಳಿಗೆ ಅವನು ಯಾವತ್ತೂ ಏಕವಚನ ಬಳಸಿದವನಲ್ಲ.

ಹೋಟೆಲಿನ ದೊಡ್ಡ ಸಭಾಂಗಣ ತುಂಬಿಹೋಗಿತ್ತು. ಒಂದು ಕಡೆ ಹಲ್ಲಿ, ಹಾವಿನ ಚಿತ್ರದ ಅಂಗಿ ತೊಟ್ಟವರು. ಇನ್ನೊಂದು ಕಡೆ ಹಕ್ಕಿ ನೋಡುವವರು, ತೋಟದವರು, ವಿಶ್ವವಿದ್ಯಾಲಯದವರು. ಒಬ್ಬೊಬ್ಬರಿಗೆ ಮೂರು ನಿಮಿಷ. ಒಬ್ಬ ಹೆಂಗಸು, "ಇವತ್ತು ನನ್ನ ಇಗುವಾನ, ನಾಳೆ ನನ್ನ ಬೆಕ್ಕು, ನಾಡಿದ್ದು ನನ್ನ ಅಡುಗೆಮನೆ. ಸರ್ಕಾರ ಎಲ್ಲಿ ನಿಲ್ಲುತ್ತೆ ಹೇಳಿ," ಎಂದು ಅತ್ತಳು. ಮುದಿ ಮೀನುಗಾರನೊಬ್ಬ, "ನಿಮ್ಮ ಮುದ್ದಿನ ಪ್ರಾಣಿ ನನ್ನ ದೋಣೀಲಿ ಯಾಕೆ ಮಲಗಿತ್ತು, ಮೊದಲು ಅದನ್ನ ಹೇಳಿ," ಎಂದು ಕೇಳಿ ಎರಡೂ ಕಡೆಯವರನ್ನು ನಗಿಸಿದ.

ಎಲಿಸೆಯೋನ ಸರದಿ ಬಂತು. ಮೂರನೆಯ ಸಾಲನ್ನು ಹಾರಿಸಿಬಿಡಬೇಕೆಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡೇ ಬಂದಿದ್ದ. ದುಕೇಸಾಳ ವಿಷಯ ಹೇಳಿದ, ಶಾಲೆಯ ಮಕ್ಕಳ ವಿಷಯ ಹೇಳಿದ. ಇಡೀ ಸಭೆ ನಿಶ್ಶಬ್ದವಾಗಿ ಕೇಳುತ್ತಿತ್ತು. ಅಷ್ಟು ಜನ ತನ್ನ ಮಾತನ್ನು ಹಾಗೆ ಕೇಳಿದ್ದು ಅವನ ಜೀವಮಾನದಲ್ಲೇ ಮೊದಲು. ಆ ನಿಶ್ಶಬ್ದಕ್ಕೆ ಸೋತು ಬಾಯಿ ತಾನಾಗಿ ಓಡಿತು.

"ನಮ್ಮಲ್ಲಿ ಒಬ್ಬರೂ ಒಂದು ಮರೀನೂ ಹೊರಗೆ ಬಿಟ್ಟವರಲ್ಲ. ಬಿಟ್ಟಿದ್ದು ಚಂಡಮಾರುತ. ಇಲ್ಲಾಂದ್ರೆ ಪ್ರಾಣಿ ಮೇಲೆ ಪ್ರೀತಿ ಇಲ್ದಿರೋ ಬೇಜವಾಬ್ದಾರಿ ಜನ. ಅವರು ಮಾಡಿದ ತಪ್ಪಿಗೆ ನಮಗ್ಯಾಕೆ ಶಿಕ್ಷೆ?"

ಚಪ್ಪಾಳೆ ಬಿತ್ತು. ಡ್ವೇನ್ ಎದ್ದು ನಿಂತು ತಟ್ಟಿದ. ಎಲಿಸೆಯೋ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ತುರುಕಿ ತನ್ನ ಕುರ್ಚಿಗೆ ಮರಳಿದ.

ನಾಲ್ಕೈದು ಜನರಾದ ಮೇಲೆ ಸೊರೈದಾಳ ಹೆಸರು ಕೂಗಿದರು. ಅವಳ ಕೈಯಲ್ಲಿ ಚಪ್ಪಲಿಯ ಡಬ್ಬ. ಮೈಕಿನ ಮುಂದೆ ಅದರ ಮುಚ್ಚಳ ತೆಗೆದಳು. ಒಳಗೆ ಒಣಗಿ ಮುದುಡಿದ ಬಿಳಿ ಚೂರುಗಳು.

"ನಾನು ವಿಜ್ಞಾನಿ ಅಲ್ಲ, ಬೆಣ್ಣೆಹಣ್ಣು ಬೆಳೆಯೋಳು. ಇದು ಆಮೆ ಮೊಟ್ಟೆ ಸಿಪ್ಪೆ. ಹೋದ ವರ್ಷ ನನ್ನ ದಿಬ್ಬದಲ್ಲಿ ಹದಿನಾಲ್ಕು ಗೂಡು ಇತ್ತು, ಒಂದೇ ಒಂದು ಮರೀನೂ ನೀರಿಗೆ ಇಳೀಲಿಲ್ಲ. ಇದನ್ನ ಮಾಡಿದ ಪ್ರಾಣಿ ಮೇಲೆ ನನಗೆ ಸಿಟ್ಟಿಲ್ಲ, ಅದಕ್ಕೆ ಹಸಿವು. ಬಿಟ್ಟವನು ಕೆಟ್ಟವನು ಅಂತಾನೂ ನಾನು ಹೇಳಲ್ಲ. ಪಾಪ, ಸಾಕಕ್ಕಾಗ್ದೆ ಬಿಟ್ಟಿರ್ತಾನೆ. ಆದ್ರೆ ಅವನು ಸಿಕ್ಕಿದ್ರೆ ಒಂದು ಮಾತು ಕೇಳ್ಬೇಕು. ಏನಪ್ಪಾ, ಕಷ್ಟ ಹೇಳ್ಕೊಳ್ಳಕ್ಕೆ ನಿನಗೆ ಒಬ್ಬ ಮನುಷ್ಯನೂ ಇರ್ಲಿಲ್ವಾ? ನನ್ನ ಹತ್ರ ಐದೆಕರೆ ಇದೆ. ಬಂದು ಕೇಳಿದ್ರೆ ಬೇಲಿ ಹಾಕಿ ಒಂದು ದೊಡ್ಡಿ ಕಟ್ಟಿಕೊಡ್ತಿದ್ದೆ."

ಅವಳು ನೋಡುತ್ತಿದ್ದದ್ದು ಅಧಿಕಾರಿಗಳ ಕಡೆಗೆ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಎಲಿಸೆಯೋ ಎಡಬಲಕ್ಕೆ ತಿರುಗಿ ನೋಡಿದ. ಯಾರೂ ಅವನನ್ನು ಗಮನಿಸುತ್ತಿರಲಿಲ್ಲ.

ಹಿಂತಿರುಗುವಾಗ ಸೊರೈದಾ ಸೀಬೆಹಣ್ಣಿನ ಪಫ್‌ಗಳ ಪೊಟ್ಟಣ ಬಿಚ್ಚಿದಳು. ಒಂದನ್ನು ಸ್ಟೀರಿಂಗ್ ಹಿಡಿದವನ ಬಾಯ ಹತ್ತಿರ ತಾನೇ ಹಿಡಿದಳು.

"ತಿನ್ನು. ಚೆನ್ನಾಗಿ ಮಾತಾಡಿದೆ ಕಣಯ್ಯ. ನಾನೇ ಎಲ್ಲಿ ಚಪ್ಪಾಳೆ ತಟ್ಟಿಬಿಡ್ತೀನೋ ಅಂತ ಕೈ ಮೇಲೆ ಕೂತ್ಕೊಂಡಿದ್ದೆ."

"ಹಸಿವಿಲ್ಲ, ಕೊಮಾದ್ರೆ."

"ಸೋಲ್ತೀಯ ಅಂತ ಭಯಾನಾ? ದುಕೇಸಾನ ಯಾರೂ ಕಿತ್ಕೊಳ್ಳಲ್ಲ. ಬಂದ್ರೆ ನಾನೇ ಬಾಗಿಲಲ್ಲಿ ಪೊರಕೆ ಹಿಡ್ಕೊಂಡು ನಿಲ್ತೀನಿ."

ಅವನು ಒಂದು ತುಂಡು ಬಾಯಿಗಿಟ್ಟುಕೊಂಡ. ಅದನ್ನು ದವಡೆಯಲ್ಲಿ ಹಾಗೇ ಇಟ್ಟುಕೊಂಡು ವ್ಯಾನು ಓಡಿಸಿದ. ಪೆಟ್ರೋಲ್ ಬಂಕಿನಲ್ಲಿ ಇಳಿದಾಗ ಅವಳಿಗೆ ಕಾಣದ ಹಾಗೆ ಕರವಸ್ತ್ರಕ್ಕೆ ಉಗಿದ.

ಅದಾದ ಮೇಲೆ ಅವನಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಒಂದು ಮನೆಯಲ್ಲಿ ಒಂದರ ವೈರು ಇನ್ನೊಂದಕ್ಕೆ ಕೊಟ್ಟು ಫ್ಯೂಸ್ ಸುಟ್ಟ. ಸಂಘದವರು ಅವನ ಭಾಷಣದ ವಿಡಿಯೋ ಎಲ್ಲರಿಗೂ ಕಳಿಸಿದ್ದರು. ಗಿರಾಕಿಗಳು ಭುಜ ತಟ್ಟಿ, "ಭಲೇ ಮಾತಾಡಿದ್ಯಪ್ಪ," ಎನ್ನುತ್ತಿದ್ದರು. ಪ್ರತಿ ಶಹಬ್ಬಾಸಿಗೂ ಅವನ ಮುಖ ಸಣ್ಣದಾಗುತ್ತಿತ್ತು. ಹದಿನೆಂಟು ವರ್ಷ ಅದು ಅವನು ಮಾಡಿದ ಒಂದು ತಪ್ಪು ಮಾತ್ರವಾಗಿತ್ತು, ಅದನ್ನು ಹೊಟ್ಟೆಯೊಳಗೇ ಹಾಕಿಕೊಂಡು ಬದುಕಲು ಕಲಿತಿದ್ದ. ಈಗ ಅದೇ ತಪ್ಪನ್ನು ಬೇರೆಯವರ ತಲೆಗೆ ಕಟ್ಟಿ, ಅವರಿಗೆ ಪ್ರೀತಿಯಿಲ್ಲ ಎಂದು ನಾಲ್ಕುನೂರು ಜನರೆದುರು ಸಾರಿ ಬಂದಿದ್ದ.

ಎರಡನೆಯ ವಾರದಲ್ಲಿ ಒಂದು ಮಧ್ಯಾಹ್ನ ಊಟದ ಮೇಜಿನಲ್ಲಿ ನೆರೇಯಿದಾ ಕಪ್ಪು ಬೀನ್ಸ್, ಅನ್ನ ಬಡಿಸಿ ಅವನೆದುರು ಕೂತಳು.

"ಬೇರೆ ಹೆಂಗಸಾ, ಕಾಯಿಲೆನಾ? ಎರಡರಲ್ಲಿ ಯಾವ್ದು ಹೇಳು. ಕಾಯಿಲೆ ಆದ್ರೆ ಡಾಕ್ಟರ ಹತ್ರ ಹೋಗೋಣ. ಹೆಂಗಸಾದ್ರೆ ಅವಳನ್ನ ಡಾಕ್ಟರ ಹತ್ರ ಕಳಿಸ್ತೀನಿ."

ಅವನು ನಗಲು ಹೋಗಿ ಅತ್ತುಬಿಟ್ಟ. ಬುಟ್ಟಿ, ಕಾಲುವೆ, ಬೂಟಿನ ಪಕ್ಕ ಮಲಗಿದ ತಾಯಿ ತೆಗು, ಎಲ್ಲ ಹೇಳಿದ. ನೆರೇಯಿದಾ ಕೇಳಿದ ಮೊದಲ ಮಾತು:

"ಹಾಗಾದ್ರೆ ಎವಾರಿಸ್ತೋ?"

"ಇಲ್ಲ."

"ಇಲ್ಲ ಅಂದ್ರೆ? ಸತ್ತಿದ್ದು ಸುಳ್ಳಾ?"

"ಹುಟ್ಟಿದ್ದೇ ಸುಳ್ಳು, ನೆರೇ."

"ಮತ್ತೆ ನಾನು ಮೇಣದಬತ್ತಿ ಹಚ್ಚಿದ್ದು ಯಾರಿಗೋ?" ಎಂದು ಅವಳು ತಟ್ಟೆಯನ್ನು ತಳ್ಳಿದಳು. "ಅವನ ಹೆಂಡತಿಗೋಸ್ಕರ ಅತ್ತಿದ್ದೀನಿ ನಾನು! ಸೊಂಟನೋವಿಗೆ ಎಣ್ಣೆ ಕಳಿಸಿದ್ದೆ! ಆ ಎಣ್ಣೆ ಎಲ್ಲಿ ಹೋಯ್ತು?"

"ನನ್ನ ಸೊಂಟಕ್ಕೇ ಹಚ್ಕೊಂಡೆ."

ಅವಳಿಗೆ ನಗು ಬಂತು, ನಕ್ಕದ್ದಕ್ಕೆ ಇನ್ನೂ ಸಿಟ್ಟು ಬಂತು. ಎದ್ದು ಹೋಗಿ ಸಿಂಕಿನ ಮುಂದೆ ಬೆನ್ನು ಮಾಡಿ ನಿಂತಳು. "ನನಗೋಸ್ಕರ ಬಿಟ್ಟೆ ಅಂತ ಮಾತ್ರ ಹೇಳ್ಬೇಡ. ಆ ಭಾರ ನನ್ನ ಮೇಲೆ, ನನ್ನ ಮಗಳ ಮೇಲೆ ಹಾಕ್ಬೇಡ. ಸೊರೈದಾಗೆ ಹೇಳಿದ್ಯಾ?"

"ಇಲ್ಲ."

"ಊಟ ಮಾಡ್ಬಿಟ್ಟು ಹೋಗು. ಬರೀ ಹೊಟ್ಟೇಲಿ ಹೇಳೋ ಮಾತಲ್ಲ ಅದು."

ಸೊರೈದಾ ತೋಟದ ನಲ್ಲಿಯ ಕೆಳಗೆ ಬೆಣ್ಣೆಹಣ್ಣಿನ ಬುಟ್ಟಿಗಳನ್ನು ತೊಳೆಯುತ್ತಿದ್ದಳು. ಅವನು ನಿಂತೇ ಹೇಳಿದ. ಸುತ್ತುಬಳಸಲಿಲ್ಲ, ಕಾರಣ ಹೇಳಲಿಲ್ಲ. ಅವಳು ಬುಟ್ಟಿ ತೊಳೆಯುವುದನ್ನು ನಿಲ್ಲಿಸಲಿಲ್ಲ. ಅದನ್ನು ಮುಗಿಸಿ ಇನ್ನೊಂದನ್ನು ಎತ್ತಿಕೊಂಡಳು.

"ಎಷ್ಟು?" ಎಂದಳು ಕೊನೆಗೆ.

"ತಾಯಿ ಒಂದು. ಮರಿ ಹನ್ನೊಂದು."

"ಓದಾಲಿಸ್ ಹುಟ್ಟೋಕೆ ಮುಂಚೆನಾ?"

"ಮುಂಚೆ. ಎರಡು ತಿಂಗಳು ಮುಂಚೆ."

ಅವಳು ನಲ್ಲಿ ನಿಲ್ಲಿಸಿದಳು. "ಅಂದ್ರೆ ನಿನ್ನ ಮಗೂನ ನಾನು ಎತ್ಕೊಂಡು ಪಾದ್ರಿ ಮುಂದೆ ನಿಂತಾಗ ನಿನಗೆ ಗೊತ್ತಿತ್ತು. ಫೆರ್ಮೀನ್ ಕೊನೇ ವರ್ಷ, ಹೊಟ್ಟೇಲಿ ಗಡ್ಡೆ ಇಟ್ಕೊಂಡು, ಕೋಲು ಹಿಡ್ಕೊಂಡು ಆ ದಿಬ್ಬದ ಮೇಲೆ ಬಿಸಿಲಲ್ಲಿ ಕೂತಿರ್ತಿದ್ದ, ಗೂಡು ಕಾಯಕ್ಕೆ. ನೀನು ಬಂದು ಪಕ್ಕದಲ್ಲಿ ಕೂತ್ಕೋತಿದ್ದೆ. ಅವನಿಗೆ ನೀರು ಕೊಡ್ತಿದ್ದೆ. ಆಗ್ಲೂ ಗೊತ್ತಿತ್ತು."

"ಗೊತ್ತಿತ್ತು."

"ಅವನು ಬಿಟ್ಟವರನ್ನ ಬೈತಿದ್ದ, ನೆನಪಿದ್ಯಾ? ನೀನೂ ಜೊತೆಗೆ ಬೈತಿದ್ದೆ."

ಅದೂ ನಿಜವಾಗಿತ್ತು. ಎಲಿಸೆಯೋ ಅದನ್ನು ಮರೆತಿದ್ದ, ಅಥವಾ ಮರೆತೆನೆಂದುಕೊಂಡಿದ್ದ.

"ಮನೆಗೆ ಹೋಗು, ಎಲಿಸೆಯೋ," ಎಂದಳು. ಹದಿನೆಂಟು ವರ್ಷಗಳಲ್ಲಿ ಅವಳ ಬಾಯಲ್ಲಿ ತನ್ನ ಹೆಸರನ್ನು ಅವನು ಕೇಳಿದ್ದು ಅದೇ ಮೊದಲು. "ಸ್ವಲ್ಪ ದಿನ ಈ ಕಡೆ ಬರ್ಬೇಡ. ಎಷ್ಟು ದಿನ ಅಂತ ನನಗೂ ಗೊತ್ತಿಲ್ಲ."

ಮಾರನೆಯ ದಿನ ಅವನು ವನ್ಯಜೀವಿ ಇಲಾಖೆಯ ಕಚೇರಿಗೆ ಹೋಗಿ ಎಲ್ಲವನ್ನೂ ಬರೆದುಕೊಟ್ಟ. ಅಲ್ಲಿದ್ದ ಅಧಿಕಾರಿ, ಕೆಂಡ್ರಾ ಓಸ್ಟ್ರೋಮ್ ಎಂಬ ಹೆಣ್ಣುಮಗಳು, ಅವನ ಹಾಳೆ ಓದಿ ಕನ್ನಡಕ ತೆಗೆದಳು.

"ಆಗ್ಲೂ ಬಿಡೋದು ಕಾನೂನಿಗೆ ವಿರುದ್ಧಾನೇ, ಸರ್. ಆದ್ರೆ ಇಷ್ಟು ವರ್ಷ ಆದ್ಮೇಲೆ ಯಾರೂ ಕೇಸ್ ಹಾಕಲ್ಲ. ಇನ್ನೊಂದು ಮಾತು. ಆ ಭಾಗದಲ್ಲಿ ಒಂದೇ ಕಡೆಯಿಂದ ಬಂದಿಲ್ಲ ಇವು. ಹತ್ತಾರು ಜನ ಬಿಟ್ಟಿದ್ದಾರೆ. ಆ ತೋಟಕ್ಕೆ ಬಂದಿದ್ದು ನಿಮ್ಮವೇ ಅಂತ ಯಾರೂ ಹೇಳಕ್ಕಾಗಲ್ಲ."

"ನಮ್ಮವಲ್ಲ ಅಂತ ಹೇಳಕ್ಕಾಗುತ್ತಾ?"

"ಅದೂ ಆಗಲ್ಲ."

ಅವಳು ಕೊಟ್ಟದ್ದು ಸಮಾಧಾನವೆಂದು ಅವನಿಗೆ ತಿಳಿಯಿತು. ಆದರೆ ಆ ಹತ್ತಾರು ಜನರಲ್ಲಿ ಒಬ್ಬೊಬ್ಬರೂ ಹೀಗೆಯೇ ಒಂದು ಸಮಾಧಾನ ಇಟ್ಟುಕೊಂಡಿರಬೇಕಲ್ಲ, ಹಾಗಾದರೆ ಆ ಆಮೆಗಳ ಲೆಕ್ಕ ಯಾರ ತಲೆಗೆ ಎಂದು ಯೋಚಿಸುತ್ತ ಹೊರಗೆ ಬಂದ.

ನಿಯಮದ ಮೇಲೆ ಕೊನೆಯ ಮತ ಹಾಕುವ ಸಭೆ ತಿಂಗಳ ಕೊನೆಗಿತ್ತು. ಎಲಿಸೆಯೋ ಒಬ್ಬನೇ ವ್ಯಾನಿನಲ್ಲಿ ಹೋದ. ಸರದಿ ಬಂದಾಗ ಕೈಯಲ್ಲಿ ಹಾಳೆಯಿರಲಿಲ್ಲ.

"ಹೋದ ಸಲ ಇಲ್ಲಿ ನಿಂತು ನಮ್ಮಲ್ಲಿ ಯಾರೂ ಬಿಟ್ಟಿಲ್ಲ ಅಂದೆ. ನಾನು ಬಿಟ್ಟಿದ್ದೀನಿ. ಹನ್ನೆರಡು. ಬಿಟ್ಟವರಿಗೆ ಪ್ರೀತಿ ಇಲ್ಲ ಅಂದೆ. ಪ್ರೀತಿ ಇತ್ತು, ಅದಕ್ಕೇ ಕೊಲ್ಲಕ್ಕಾಗ್ಲಿಲ್ಲ. ಆ ಪ್ರೀತಿ ಬೇರೆಯವರ ತೋಟದಲ್ಲಿ ಏನು ಮಾಡ್ತು ಅಂತ ಮಾತ್ರ ನೋಡಕ್ಕೆ ಹೋಗ್ಲಿಲ್ಲ. ನಮ್ಮ ಅಧ್ಯಕ್ಷರು ಡ್ವೇನ್ ಪಿಕೆಟ್ ಒಂದು ಮರೀನೂ ಬಿಟ್ಟವರಲ್ಲ, ಅವರ ಗೂಡು ಹೋಗಿ ನೋಡಿ. ನಿಯಮ ಮಾಡಿ. ಆದ್ರೆ ಅವರನ್ನೂ ನನ್ನನ್ನೂ ಒಂದೇ ತಕ್ಕಡೀಲಿ ತೂಗ್ಬೇಡಿ."

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಿಯಮ ಒಮ್ಮತದಿಂದ ಪಾಸಾಯಿತು. ತಕ್ಕಡಿ ಒಂದೇ ಆಗಿತ್ತು.

ಪಾರ್ಕಿಂಗಿನಲ್ಲಿ ಡ್ವೇನ್ ಅವನ ವ್ಯಾನಿಗೆ ಒರಗಿ ನಿಂತಿದ್ದ. ಕಣ್ಣು ಕೆಂಪಗಿದ್ದವು.

"ನನಗೆ ಮೊದಲೇ ಹೇಳ್ಬಹುದಾಗಿತ್ತು."

"ಹೇಳ್ಬೇಕಾಗಿತ್ತು."

"ನಾಳೆಯಿಂದ ಇಪ್ಪತ್ತೆರಡು ವರ್ಷದ ಕೆಲಸ ಲಾರಿಗೆ ತುಂಬಿ ರಾಜ್ಯದ ಗಡಿ ದಾಟಿಸ್ಬೇಕು ನಾನು. ಒಂದೂ ಬಿಟ್ಟವನಲ್ಲ. ನೀನು ಹನ್ನೆರಡು ಬಿಟ್ಟವನು. ನಿನಗೆ ಮನೆಯಲ್ಲಿ ದುಕೇಸಾ, ಕೈಯಲ್ಲಿ ಪುಕ್ಕಟೆ ಪರ್ಮಿಟ್." ಅವನು ವ್ಯಾನಿನಿಂದ ಬೆನ್ನು ಎತ್ತಿ ನೆಟ್ಟಗೆ ನಿಂತ. "ನಿನ್ನ ಮನಸ್ಸು ಹಗುರ ಆಯ್ತಾ, ಎಲಿಸೆಯೋ?"

"ಇಲ್ಲ ಕಣೋ."

"ಅಷ್ಟಾದ್ರೂ ನ್ಯಾಯ ಇದೆ," ಎಂದು ಡ್ವೇನ್ ತನ್ನ ಕಾರಿನತ್ತ ನಡೆದ. ಆಮೇಲೆ ಅವರಿಬ್ಬರೂ ಮಾತಾಡಲಿಲ್ಲ. ಡ್ವೇನ್ ಈಗ ಮಾರ್ಬಲ್ ಅಂಗಡಿಯೊಂದರಲ್ಲಿ ಕಲ್ಲು ಕೊಯ್ಯುತ್ತಾನೆಂದು ಎಲಿಸೆಯೋ ಬೇರೆಯವರ ಬಾಯಿಂದ ಕೇಳಿದ.

ದುಕೇಸಾಳ ಭುಜದ ಚರ್ಮದಡಿ ಚಿಪ್ ಹಾಕಿಸುವ ದಿನ ಅವಳು ಅವನ ಕೈಮೇಲೆ ಗಲ್ಲವಿಟ್ಟು ಅಲುಗಾಡದೆ ಮಲಗಿದ್ದಳು. ವೈದ್ಯರು ಹೊಗಳಿದರು. ಡ್ವೇನ್‌ನ ಮಾತು ನೆನಪಾಗಿ ಎಲಿಸೆಯೋಗೆ ಆ ಕಾಗದಕ್ಕೆ ಸಹಿ ಹಾಕುವಾಗ ಕಳ್ಳಮಾಲಿಗೆ ಸಹಿ ಹಾಕಿದ ಹಾಗಾಯಿತು.

ಸೊರೈದಾಳಿಂದ ಫೋನು ಬಂದದ್ದು ಏಳು ತಿಂಗಳಾದ ಮೇಲೆ, ಸೆಪ್ಟೆಂಬರಿನಲ್ಲಿ. ಇಲಾಖೆಯವರು ಅವಳ ತೋಟದಲ್ಲಿ ಬೋನುಗಳನ್ನು ಇಟ್ಟುಹೋಗಿದ್ದರು.

"ಬೋನಿಗೆ ಒಂದು ಬಿದ್ದಿದೆ. ದೊಡ್ಡದು. ತಗೊಂಡು ಹೋಗೋರು ಬರೋದು ಸಂಜೆಯಂತೆ. ಅಲ್ಲೀವರೆಗೂ ಅದು ಬಿಸಿಲಲ್ಲಿ ಒದ್ದಾಡೋದು ನೋಡಕ್ಕಾಗ್ತಿಲ್ಲ. ನಿನಗೆ ಹಿಡಿಯಕ್ಕೆ ಬರುತ್ತಲ್ಲ, ಬಾ."

ಅವನು ಹೋದ. ತೆಗುವಿನ ಕತ್ತನ್ನೂ ಬಾಲದ ಬುಡವನ್ನೂ ಹಿಡಿದು ಒದ್ದೆ ಗೋಣಿಗೆ ಇಳಿಸಿದ, ವ್ಯಾನಿನ ತಂಪಿನಲ್ಲಿಟ್ಟ, ಇಲಾಖೆಯ ಕಚೇರಿಗೆ ತಾನೇ ಒಯ್ದ. ಅಲ್ಲಿ ಅದನ್ನು ಏನು ಮಾಡುತ್ತಾರೆಂದು ಅವನಿಗೆ ಗೊತ್ತಿತ್ತು. ಹದಿನೆಂಟು ವರ್ಷಗಳ ಹಿಂದೆ ಕೈ ಏಳದ ಕೆಲಸಕ್ಕೆ ಈಗ ಅವನು ಪಕ್ಕದಲ್ಲೇ ನಿಂತ. ಕೆಂಡ್ರಾ, "ನೀವು ಹೊರಗಿರಬಹುದು, ಸರ್," ಎಂದಾಗ ತಲೆಯಾಡಿಸಿ ಅಲ್ಲೇ ಉಳಿದ. ಅದರ ಉಸಿರು ನಿಲ್ಲುವ ತನಕ ಮೈಮೇಲಿಟ್ಟ ಕೈ ತೆಗೆಯಲಿಲ್ಲ.

ಅಂದಿನಿಂದ ವಾರಕ್ಕೆ ಮೂರು ಬೆಳಿಗ್ಗೆ ಅವನು ಸೊರೈದಾಳ ಬೋನುಗಳನ್ನು ನೋಡಿ ಬರುತ್ತಾನೆ. ಕಾಲುವೆಯುದ್ದಕ್ಕೂ ಇನ್ನೂ ಆರು ತೋಟದವರು ಕರೆಯುತ್ತಾರೆ. ಅವಳು ಕಾಫಿ ಕೊಡುತ್ತಾಳೆ. ಹಿಂದೆಲ್ಲ ಅಡುಗೆಮನೆಯ ಮೇಜಿನಲ್ಲಿ ಕೂರಿಸಿ ಕೊಡುತ್ತಿದ್ದಳು, ಈಗ ಹೊರಗಿನ ಜಗಲಿಯಲ್ಲಿ. ಮಾತು ಆಡುತ್ತಾಳೆ, ಓದಾಲಿಸಳ ಕಾಲೇಜಿನ ವಿಷಯ ಕೇಳುತ್ತಾಳೆ. ಕ್ಷಮಿಸಿದೆ ಎಂದು ಅವಳು ಹೇಳಿಲ್ಲ, ಅವನೂ ಕೇಳಿಲ್ಲ. ಮೂರನೆಯ ವರ್ಷ ದಿಬ್ಬದ ಎರಡು ಗೂಡುಗಳಿಂದ ಮರಿ ಹೊರಟಿವೆ ಎಂದು ಅವಳು ಫೋನಿನಲ್ಲಿ ಹೇಳಿದಳು. "ಹನ್ನೆರಡು ಕಳ್ಕೊಂಡೆವು, ಎರಡು ಉಳೀತು. ಸುಮ್ಮನೆ ಹಿಗ್ಬೇಡ," ಎಂದೂ ಸೇರಿಸಿದಳು.

ವರ್ಷಕ್ಕೆ ಎರಡು ಸಲ ಇಲಾಖೆಯವರು ಪಾರ್ಕಿನಲ್ಲಿ ಶಾಮಿಯಾನ ಹಾಕಿ, ಸಾಕಲಾಗದ ಪ್ರಾಣಿಗಳನ್ನು ಜನ ತಂದೊಪ್ಪಿಸುವ ದಿನ ನಡೆಸುತ್ತಾರೆ. ಯಾಕೆ ಎಂದು ಯಾರೂ ಕೇಳುವಂತಿಲ್ಲ, ದಂಡವಿಲ್ಲ. ಎಲಿಸೆಯೋ ಅಲ್ಲಿ ಮೊದಲನೆಯ ಮೇಜಿನಲ್ಲಿ ಕೂತು ಹೆಸರು ಬರೆದುಕೊಳ್ಳುತ್ತಾನೆ. ಆಮೆ, ಹೆಬ್ಬಾವು, ಬಕೆಟ್ಟಿನಲ್ಲಿ ಮೀನು, ಒಮ್ಮೆ ಒಂದು ಮುಳ್ಳುಹಂದಿ. ಬಂದವರಲ್ಲಿ ಅರ್ಧ ಜನ ನಿಯಮವನ್ನು ಬೈಯುತ್ತಾರೆ, ಉಳಿದರ್ಧ ಜನ ಅಳುತ್ತಾರೆ. ಎರಡನ್ನೂ ಮಾಡುವವರೂ ಇದ್ದಾರೆ. ಅವನು ವಾದಕ್ಕೆ ಹೋಗುವುದಿಲ್ಲ. ನಿಯಮ ಬೇಕಿತ್ತು ಎಂದೂ, ಅದು ಬಿದ್ದದ್ದು ತಪ್ಪು ತಲೆಯ ಮೇಲೆ ಎಂದೂ ಅವನಿಗೆ ಒಟ್ಟೊಟ್ಟಿಗೇ ಅನ್ನಿಸುತ್ತದೆ. ಅದನ್ನು ಬಿಡಿಸಿ ಹೇಳುವಷ್ಟು ಮಾತು ಅವನಲ್ಲಿಲ್ಲ.

ಹೋದ ಏಪ್ರಿಲ್ ತಿಂಗಳಲ್ಲಿ ಗಂಡಹೆಂಡತಿ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಹೊತ್ತು ಬಂದರು. ಒಳಗೆ ಒಂದು ಇಗುವಾನ, ದೊಡ್ಡ ಓತಿಯಂಥದ್ದು. ಹೆಂಗಸು ತುಂಬು ಬಸುರಿ. ಗಂಡ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರೂ ಕೈ ತೆಗೆಯಲಿಲ್ಲ.

"ನಾವು ಅಂಥ ಜನ ಅಲ್ಲ, ಅಂಕಲ್. ಐದು ವರ್ಷ ಸಾಕಿದ್ದೀವಿ."

"ಗೊತ್ತು ಕಣಪ್ಪ."

"ಇದಕ್ಕೆ ಒಳ್ಳೆ ಮನೆ ಸಿಗುತ್ತಾ?"

ಎಲಿಸೆಯೋ ಪೆನ್ನು ಕೆಳಗಿಟ್ಟ. "ಸಿಗ್ಬಹುದು, ಸಿಗ್ದೇನೂ ಇರ್ಬಹುದು. ಒಂದು ವಾರ ಬಿಟ್ಟು ಇಲ್ಲಿಗೆ ಫೋನ್ ಮಾಡಿ, ಏನಾಯ್ತು ಅಂತ ನಿಜ ಹೇಳ್ತೀನಿ."

ಹೆಂಗಸು ಕಣ್ಣೊರೆಸಿಕೊಂಡು ಕೇಳಿದಳು, "ನೀವೂ ಸಾಕಿದ್ದೀರಾ?"

"ಸಾಕಿದ್ದೆ. ಒಂದು ಇನ್ನೂ ಮನೇಲಿದೆ."

"ಉಳಿದವು?"

"ಉಳಿದವನ್ನ ಕಾಲುವೆಗೆ ಬಿಟ್ಟೆ," ಎಂದ ಅವನು, ದನಿ ತಗ್ಗಿಸದೆ. ಸಾಲಿನಲ್ಲಿ ನಿಂತಿದ್ದವರು ಒಂದು ಕ್ಷಣ ಅವನನ್ನು ನೋಡಿದರು. ಅವನು ಗಂಡನ ಬೆರಳುಗಳನ್ನು ಪೆಟ್ಟಿಗೆಯ ಅಂಚಿನಿಂದ ಒಂದೊಂದಾಗಿ ಬಿಡಿಸಿ, ಹಾಳೆಯನ್ನು ಅವರ ಕಡೆ ತಿರುಗಿಸಿ, ಸಹಿ ಹಾಕಬೇಕಾದ ಜಾಗ ತೋರಿಸಿದ.